ಮರಳುಕೋಟೆಯ ಮೂರನೇ ಪೆಟ್ಟಿಗೆ

ಕಾಯುವುದರಲ್ಲಿ ಬ್ಯಾಡಗಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹಮ್ಮು ನನಗಿತ್ತು. ಕಾಯುವುದೇ ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮ್ಯಾನೇಜರ್ ಆಗಿದ್ದೇನೆ. ಸುಗ್ಗಿಯಲ್ಲಿ ರೇಟು ಬಿದ್ದಾಗ ಜನ ಮೆಣಸಿನಕಾಯಿ ಚೀಲ ತಂದು ನನ್ನಲ್ಲಿ ಇಡುತ್ತಾರೆ, ರೇಟು ಎದ್ದಾಗ ಒಯ್ಯುತ್ತಾರೆ. ನಡುವಿನ ತಿಂಗಳುಗಳಲ್ಲಿ ಫೋನು ಮಾಡಿ "ಈಗ ತಗೀಲೇನ್ರಿ?" ಎಂದು ಕೇಳುವವರಿಗೆಲ್ಲ ನನ್ನದು ಒಂದೇ ಉತ್ತರ: "ಗಡಿಬಿಡಿ ಬ್ಯಾಡ, ತಡೀರಿ." ಹತ್ತರಲ್ಲಿ ಒಂಬತ್ತು ಸಲ ನನ್ನ ಮಾತು ಸರಿಯಾಗಿದೆ. ತಪ್ಪಿದ ಆ ಒಂದರ ಸುದ್ದಿಯನ್ನು ನಾನು ಯಾರ ಮುಂದೆಯೂ ಎತ್ತುವುದಿಲ್ಲ. ಇದು ಅಂಥ ಒಂದರ ಸುದ್ದಿ.

ನಾವು ನಾಲ್ಕು ಜನ ಬೋರ್ಡ್ ಗೇಮ್ ಆಡುತ್ತೇವೆ. ನಗಬೇಡಿ. ಕೇರಂ ಅಲ್ಲ, ಹಾವು-ಏಣಿಯೂ ಅಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ನಕಾಶೆ, ನೂರಾರು ಕಾರ್ಡು, ಹೆಬ್ಬೆರಳಿನಷ್ಟು ಎತ್ತರದ ಗೊಂಬೆಗಳು ಬರುತ್ತವೆ. ಒಂದು ಕಥೆಯನ್ನು ವಾರಗಟ್ಟಲೆ ಕೂತು ಆಡಿ ಮುಗಿಸಬೇಕು. ನನ್ನ ಹೆಂಡತಿಯ ಮಾತಿನಲ್ಲಿ ಹೇಳುವುದಾದರೆ "ಐವತ್ತು ದಾಟಿದ ಮ್ಯಾಲೆ ಗೊಂಬಿ ಆಟ". ಪ್ರತಿ ರವಿವಾರ ಮಧ್ಯಾಹ್ನ ರಾಣೆಬೆನ್ನೂರಿನಲ್ಲಿ ಸುರೇಖಾ ಅವರ ಮನೆಯ ಮಹಡಿಯ ಮೇಲೆ ಸೇರುತ್ತಿದ್ದೆವು. ಸುರೇಖಾ ಅಲ್ಲಿನ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿ ಬೀಜ ಮೊಳೆಯುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವವರು. ಅಯಾಜ್ ಹಾವೇರಿಯಿಂದ ಮೋಟರ್ ಸೈಕಲ್ ಮೇಲೆ ಬರುತ್ತಿದ್ದ. ಅವನದು ಆಟೋ ಬಿಡಿಭಾಗಗಳ ಅಂಗಡಿ. ಬ್ಯಾಡಗಿಯಿಂದ ನಾನು ಮತ್ತು ಶಂಭುಲಿಂಗ.

ಶಂಭುಲಿಂಗ ನನ್ನ ಜೊತೆ ಒಂದನೇ ಇಯತ್ತೆಯಿಂದ ಓದಿದವನು. ಮಾರ್ಕೆಟ್ ಯಾರ್ಡಿನಲ್ಲಿ ಖರೀದಿದಾರರ ಪರವಾಗಿ ಮೆಣಸಿನಕಾಯಿಯ ಬಣ್ಣ ನೋಡುವುದು ಅವನ ಕಸುಬು. ನೂರು ರಾಶಿ ಒಂದರ ಪಕ್ಕ ಒಂದು ಬಿದ್ದಿದ್ದರೂ ಸುಮ್ಮನೆ ನಡೆದುಕೊಂಡು ಹೋಗುತ್ತ, ಇದು ಈ ವರ್ಷದ್ದು, ಇದು ಹೋದ ವರ್ಷದ್ದು, ಇದಕ್ಕೆ ನೀರು ಹೊಡೆದಿದ್ದಾರೆ ಎಂದು ಹೇಳಬಲ್ಲವನಾಗಿದ್ದ. ಉದ್ದನೆಯ ಕಡ್ಡಿ ಕಾಯಿಯ ಕೆಂಪು ಬೇರೆ, ಸುಕ್ಕುಗಟ್ಟಿ ಗುಂಡಗಿರುವ ಡಬ್ಬಿ ಕಾಯಿಯ ಕೆಂಪು ಬೇರೆ. ನಿಮಗೂ ನನಗೂ ಕಾಣುವ ವ್ಯತ್ಯಾಸ ಅಷ್ಟೇ. ಅವನಿಗೆ ಡಬ್ಬಿಯಲ್ಲೇ ಏಳೆಂಟು ಕೆಂಪು ಕಾಣುತ್ತಿದ್ದವು.

ನಮ್ಮ ಆಟದ ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದವನೂ ಅವನೇ. ಪೆಟ್ಟಿಗೆಯಲ್ಲಿ ಗೊಂಬೆಗಳು ಬೂದಿ ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಬರುತ್ತಿದ್ದವು. ಅವನು ಕಿಟಕಿಯ ಹತ್ತಿರ ಕೂತು, ನಾಲ್ಕೇ ಕೂದಲು ಉಳಿದ ಕುಂಚದಿಂದ ಕಣ್ಣು, ಹುಬ್ಬು, ಚಪ್ಪಲಿಯ ಬಾರು ಎಲ್ಲ ಬಿಡಿಸುತ್ತಿದ್ದ. ಮರಳುಕೋಟೆ ಎಂಬ ಆಟ ಬಂದ ಮೇಲಂತೂ ಅವನಿಗೆ ಬೇರೆ ಲೋಕವೇ ಇರಲಿಲ್ಲ. ನಾಲ್ಕು ಜನ ಸಂಗಡಿಗರು ಮರುಭೂಮಿ ದಾಟಿ ಒಂದು ಕೋಟೆಯನ್ನು ಹುಡುಕಿಕೊಂಡು ಹೋಗುವ ಕಥೆ ಅದು. ಮೂರು ಪೆಟ್ಟಿಗೆಗಳಲ್ಲಿ ಮುಗಿಯಬೇಕು. ನಾನು ಒಂಟೆಯವ, ಸುರೇಖಾ ನಕಾಶೆ ಬರೆಯುವವಳು, ಅಯಾಜ್ ಕಮ್ಮಾರ, ಶಂಭು ಭರ್ಚಿ ಹಿಡಿದ ಕಾವಲುಗಾರ. ಕಾವಲುಗಾರನ ರುಮಾಲಿಗೆ ಬಣ್ಣ ಹಚ್ಚುವಾಗ ಶಂಭು ಬಾಟಲಿಯ ಪಕ್ಕ ಒಂದು ಡಬ್ಬಿ ಕಾಯಿ ಇಟ್ಟುಕೊಂಡು, ಅದಕ್ಕೆ ಸರಿಸಮ ಬರುವವರೆಗೆ ಮೂರು ದಿನ ಕೆಂಪು ಬೆರೆಸಿದ್ದ. ನಾನು ಬೈದಿದ್ದೆ. ಆಮೇಲೆ ಆ ರುಮಾಲು ನೋಡಿ ಸುಮ್ಮನಾದೆ.

ಮೊದಲೆರಡು ಪೆಟ್ಟಿಗೆ ಆಡಿ ಮುಗಿಸಿದೆವು. ಎರಡನೆಯದರ ಕೊನೆಗೆ ನಾಲ್ವರೂ ಕೋಟೆಯ ಬಾಗಿಲ ಮುಂದೆ ನಿಲ್ಲುತ್ತಾರೆ, ಬಾಗಿಲು ತೆರೆಯುವುದಿಲ್ಲ, ಅಲ್ಲೇ ಮುಪ್ಪಾಗುತ್ತಾರೆ. ಮೂರನೆಯ ಪೆಟ್ಟಿಗೆಯಲ್ಲಿ ಅದೇ ನಾಲ್ವರ ಮುದಿ ಗೊಂಬೆಗಳಿರುತ್ತವೆ ಎಂದು ಕಂಪನಿ ಹೇಳಿತ್ತು. ಶಂಭು ಅವಕ್ಕಾಗಿ ಆಗಲೇ ತಲೆ ಕೆಡಿಸಿಕೊಂಡಿದ್ದ. "ಹತ್ತು ವರ್ಷ ಬಿಸಲಾಗ ನಿಂತಾಂವನ ರುಮಾಲು ಎಷ್ಟು ಮಾಸಿರತೈತಿ ಹೇಳು. ಅಚ್ಚ ಕೆಂಪು ಹಚ್ಚಿದ್ರ ಸುಳ್ಳಾಗತೈತಿ" ಎನ್ನುತ್ತಿದ್ದ.

2022ರ ಫೆಬ್ರುವರಿಯಲ್ಲಿ ಕಂಪನಿಯಿಂದ ಪತ್ರ ಬಂತು. ಮೂರನೇ ಪೆಟ್ಟಿಗೆ ಎರಡು ಬಗೆಯಲ್ಲಿ ಬರುತ್ತದೆ, ಒಂದನ್ನು ಆರಿಸಿಕೊಳ್ಳಿ ಎಂದು. ಸಾದಾ ಪೆಟ್ಟಿಗೆಯಲ್ಲಿ ಬೂದಿ ಗೊಂಬೆಗಳು, ಎರಡು ತಿಂಗಳಲ್ಲಿ ಮನೆಗೆ. ಬಣ್ಣದ ಪೆಟ್ಟಿಗೆಯಲ್ಲಿ ಕಾರ್ಖಾನೆಯಲ್ಲೇ ಬಣ್ಣ ಹಚ್ಚಿದ ಗೊಂಬೆಗಳು, ದೊಡ್ಡ ನಕಾಶೆ. ಅದಕ್ಕೆ ಆರು ತಿಂಗಳು ಹೆಚ್ಚು ಬೇಕು.

ನನಗೆ ಇದರಲ್ಲಿ ಯೋಚಿಸುವಂಥದ್ದು ಏನೂ ಕಾಣಲಿಲ್ಲ. "ತಡದ್ರ ಛಲೋ ಮಾಲು ಬರತೈತಿ ಅಂತಂದ್ರ ತಡೀಬೇಕಪ್ಪ. ಇದನ್ನ ನನಗ ಯಾರೂ ಕಲಿಸಬ್ಯಾಡ್ರಿ" ಎಂದೆ.

ಸುರೇಖಾ ತಲೆಯಾಡಿಸಿದರು. "ನಮ್ಮ ಲ್ಯಾಬಿನ್ಯಾಗ ಹದಿನಾಲ್ಕು ದಿನಕ್ಕ ಮೊಳಕಿ ಬರಲಿಲ್ಲಂದ್ರ ಆ ಬೀಜ ಫೇಲ್ ರೀ ರುದ್ರಣ್ಣ. ಈಗ ಕೊಡ್ತೇನಿ ಅನ್ನಾಂವನ ಕಡೆ ಈಗ ಇಸ್ಕೋಬೇಕು."

"ಶಂಭೂಗ ತ್ರಾಸ ಕಮ್ಮಿ ಆಗತೈತ್ರೀ" ಎಂದೆ ನಾನು. ನನಗೆ ನಿಜವಾಗಿಯೂ ಹಾಗನ್ನಿಸಿತ್ತು. ಎರಡನೇ ಪೆಟ್ಟಿಗೆಯ ಕೊನೆಯ ಐದಾರು ಗೊಂಬೆಗಳನ್ನು ಅವನು ಅರ್ಧಕ್ಕೇ ಬಿಟ್ಟಿದ್ದ. ಬೇಸತ್ತಿದ್ದಾನೆ, ಬಾಯಿ ಬಿಟ್ಟು ಹೇಳುತ್ತಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

"ನಾ ಯಾವಾಗ ತ್ರಾಸ ಅಂದೆ?" ಎಂದು ಶಂಭು ಕೇಳಿದ. ನಾನು ಆ ಮಾತನ್ನು ಸೌಜನ್ಯ ಎಂದುಕೊಂಡೆ.

ಚೀಟಿ ಹಾಕೋಣ ಎಂದಾಯಿತು. ಮೊದಲು ನಮ್ಮ ಮಾರ್ಕೆಟ್ಟಿನಲ್ಲಿ ಪ್ರತಿ ರಾಶಿಗೂ ಖರೀದಿದಾರರು ರೇಟು ಬರೆದು ಚೀಟಿ ಹಾಕುತ್ತಿದ್ದರು. ಹೊತ್ತಿಗೆ ಸರಿಯಾಗಿ ಚೀಟಿ ತೆಗೆದ ಮೇಲೆ ಅದೇ ಕೊನೆ. ನಾನು ಹಿಂಗಂದಿದ್ದೆ, ಹಂಗಂದಿದ್ದೆ ಎಂದು ಯಾರೂ ತಕರಾರು ತೆಗೆಯುವಂತಿಲ್ಲ. ಈಗ ಅದೆಲ್ಲ ಕಂಪ್ಯೂಟರಿಗೆ ಹೋಗಿದೆ. ನಾವು ನಾಲ್ವರು ಮಾತ್ರ ಆ ಪದ್ಧತಿ ಉಳಿಸಿಕೊಂಡಿದ್ದೆವು. ಯಾವ ಆಟ ತರಿಸುವುದು, ಯಾರು ಮೊದಲು ಆಡುವುದು, ಎಲ್ಲಕ್ಕೂ ಚೀಟಿ. ಸಮ ಬಂದರೆ ಯಾರ ಹೆಸರಿನಲ್ಲಿ ಆರ್ಡರ್ ಇದೆಯೋ ಅವರ ಮಾತು ನಡೆಯಬೇಕು.

ಬಿಸ್ಕೀಟಿನ ತಗಡಿನ ಡಬ್ಬದಿಂದ ನಾನೇ ಚೀಟಿ ತೆಗೆದೆ. ಎರಡರಲ್ಲಿ "ತಡೆ" ಎಂದಿತ್ತು, ಎರಡರಲ್ಲಿ "ಈಗ". "ಈಗ" ಎಂದಿದ್ದ ಒಂದು ಚೀಟಿಯಲ್ಲಿ ಅಕ್ಷರ ಕಾಗದದ ಅಂಚು ದಾಟಿ ಹೋಗಿತ್ತು. "ಗ" ಅರ್ಧ ಚೀಟಿಯ ಮೇಲಿತ್ತು, ಇನ್ನರ್ಧ ಸುರೇಖಾ ಅವರ ಮೇಜಿನ ಮೇಲೆ ಬಾಲ್ ಪೆನ್ನಿನ ಗೀಟಾಗಿ ಉಳಿದಿತ್ತು.

"ಯಾರಪ್ಪಾ ಇದು, ಚೀಟಿ ಬಿಟ್ಟು ಟೇಬಲ್ ಮ್ಯಾಲೆ ಬರದಾರ! ಅಷ್ಟು ಅವಸರ ಏನೈತಿ?" ಎಂದು ನಾನು ಚೀಟಿಯನ್ನು ಎತ್ತಿ ಹಿಡಿದು ತೋರಿಸಿದೆ. ಎಲ್ಲರೂ ನಕ್ಕರು. ಶಂಭುವೂ ನಕ್ಕ. ಆರ್ಡರ್ ನನ್ನ ಹೆಸರಿನಲ್ಲಿತ್ತು. "ತಡೀರಿ" ಎಂದೆ.

ಎಂಟು ತಿಂಗಳಾಯಿತು. ಪೆಟ್ಟಿಗೆಯ ಬದಲು ಪತ್ರ ಬಂತು: ಬಣ್ಣ ನಮ್ಮ ಮನಸ್ಸಿಗೆ ಒಪ್ಪಿಗೆಯಾಗಿಲ್ಲ, ನಿಮಗೆ ಉತ್ತಮವಾದುದನ್ನೇ ಕೊಡಬೇಕು, ಸ್ವಲ್ಪ ತಾಳ್ಮೆ ಇರಲಿ. ಸರಿ, ಇರಲಿ ಎಂದೆವು. ಆಮೇಲೆ ಕಾರ್ಖಾನೆಗೆ ರಜೆ. ಆಮೇಲೆ ಹಡಗು ಸಿಗಲಿಲ್ಲ. ಹಡಗು ಸಿಕ್ಕಿತು ಎನ್ನುವಾಗ ಪೆಟ್ಟಿಗೆಯ ಮೂಲೆ ಮೆತ್ತಗಿದೆ ಎಂದು ಎಲ್ಲ ಪೆಟ್ಟಿಗೆಗಳನ್ನೂ ಹೊಸದಾಗಿ ಮಾಡಿಸಲು ಹೊರಟರು. ಪ್ರತಿ ಪತ್ರದ ಕೆಳಗೂ "ಪ್ರೀತಿಯಿಂದ, ನಿಮ್ಮ ಆಟದ ಬಳಗ" ಎಂದು ಸಹಿ, ಪಕ್ಕದಲ್ಲಿ ಒಂದು ಕೆಂಪು ಹೃದಯ. ಪ್ರೀತಿಯಂತೆ! ನನ್ನ ಕೋಲ್ಡ್ ಸ್ಟೋರೇಜಿನಲ್ಲಿ ಒಂದು ಚೀಲ ಒಂದು ತಾಸು ತಡವಾಗಿ ಹೊರಬಂದರೆ ಹಮಾಲರ ಮುಂದೆಯೇ ನನ್ನ ಮಾನ ಹರಾಜಾಗುತ್ತದೆ. ಇವರು ವರ್ಷಗಟ್ಟಲೆ ತಡಮಾಡಿ ಹೃದಯ ಕಳಿಸುತ್ತಾರೆ.

ಅಯಾಜ್ ನಡುವೆ ಒಂದು ಸಲ ಹೇಳಿದ: "ರುದ್ರಣ್ಣ, ಸಾದಾ ಪೆಟ್ಟಿಗಿ ತಗೊಂಡವರು ಆಡಿ ಮುಗಿಸಿ, ಬ್ಯಾರೆ ಆಟಕ್ಕ ಹೋಗ್ಯಾರ. ನಾವಿನ್ನೂ ಬಾಗಲದಾಗ ನಿಂತೇವಿ." ನನಗೆ ಸಿಟ್ಟು ಬಂತು. ಆಡುವುದನ್ನು ಬೇಕಿದ್ದರೆ ನಿಲ್ಲಿಸು ಎಂದು ಅವನ ಮೇಲೆ ಹರಿಹಾಯ್ದೆ.

2024ರ ಜನವರಿಯಲ್ಲಿ, ಮಾರ್ಕೆಟ್ಟಿನ ಒಂದು ಗುರುವಾರ, ಶಂಭುವಿನ ಹೆಂಡತಿ ನಿರ್ಮಲಾ ನನ್ನ ಆಫೀಸಿಗೆ ಬಂದರು. ಘಾಟಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ಕೂರಿ ಎಂದರೂ ಕೂರಲಿಲ್ಲ.

"ಅಣ್ಣಾರ, ನಿಮ್ಮ ಆ ಪೆಟ್ಟಿಗಿ ಎಂದ ಬರತೈತ್ರಿ?"

"ಬರತೈತವ್ವ. ಯಾಕ?"

"ಅವರಿಗೆ ನಾ ಬಂದಿದ್ದು ಹೇಳಬ್ಯಾಡ್ರಿ. ಕಣ್ಣಿನ ನರ ಒಣಗಾಕತ್ತೇತಂತ. ಹುಬ್ಬಳ್ಳ್ಯಾಗ ತೋರಸೇವಿ. ಬಾಜೂದ್ದು ಏನೂ ಕಾಣಂಗಿಲ್ಲ, ನಳಗಿ ಒಳಗ ನೋಡಿದಂಗ ನಡುವ ಅಷ್ಟ ಕಾಣತೈತಂತ. ಹೋಗಿದ್ದು ತಿರುಗಿ ಬರಂಗಿಲ್ಲಂತ. ಇನ್ನೊಂದು ಆರು ತಿಂಗಳು, ಭಾಳಂದ್ರ ವರ್ಷ."

ಯಾರ್ಡಿನಲ್ಲಿ ಅವನು ಇತ್ತೀಚೆಗೆ ಒಂದು ರಾಶಿಯ ಮೇಲೆ ಕಾಲಿಟ್ಟು ಬೈಸಿಕೊಂಡಿದ್ದು ನೆನಪಾಯಿತು. ಕುಡಿದು ಬಂದಿದ್ದಾನೆ ಎಂದು ಯಾರೋ ಆಡಿಕೊಂಡಿದ್ದರು. ಅವನು ಅದನ್ನೂ ನಕ್ಕು ಒಪ್ಪಿಕೊಂಡಿದ್ದ. ಬಣ್ಣ ನೋಡುವವನ ಕಣ್ಣು ಹೋಗುತ್ತಿದೆ ಎಂದು ಸುದ್ದಿಯಾಗುವುದಕ್ಕಿಂತ ಕುಡುಕ ಎನ್ನಿಸಿಕೊಳ್ಳುವುದೇ ವಾಸಿ.

"ಎಷ್ಟು ದಿವಸದಿಂದ ಗೊತ್ತಿತ್ತವ್ವ?"

"ಎರಡು ವರ್ಷ ಆಗಾಕ ಬಂತ್ರಿ. ನೀವೆಲ್ಲ ಚೀಟಿ ಹಾಕಿದ್ರಿ ನೋಡ್ರಿ, ಅದರ ಹಿಂದಿನ ವಾರ ತೋರಿಸಿಕೊಂಡ ಬಂದಿದ್ವಿ. ಆ ಮುದಿ ಗೊಂಬಿ ನಾಕು ಹಚ್ಚಿಬಿಟ್ರ ಸಾಕು, ಆಮ್ಯಾಲೆ ಹೋದ್ರ ಹೋಗ್ಲಿ ಅಂತಾರ್ರಿ."

ಅಂಚು ದಾಟಿದ್ದ ಆ "ಗ" ನನ್ನ ಕಣ್ಣ ಮುಂದೆ ಬಂತು. ಆ ಚೀಟಿಯನ್ನು ಎತ್ತಿ ಹಿಡಿದು ನಗಿಸಿದ್ದು ನಾನು.

ಆ ಸಂಜೆಯೇ ಅವನ ಮನೆಗೆ ಹೋದೆ. ನಿರ್ಮಲಾ ಹೇಳಬೇಡಿ ಎಂದಿದ್ದರೂ ತಡೆದುಕೊಳ್ಳಲಾಗಲಿಲ್ಲ. "ಒಂದು ಮಾತು ಬಾಯಿ ಬಿಟ್ಟಿದ್ರ ನಾ ಸಾದಾ ಪೆಟ್ಟಿಗೀನ ತರಸ್ತಿದ್ನಲ್ಲೋ" ಎಂದು ಜಗಳಕ್ಕೇ ನಿಂತೆ.

ಶಂಭು ಕುಂಚ ತೊಳೆಯುತ್ತಿದ್ದ. "ಚೀಟಿ ತಗದಮ್ಯಾಲೆ ಏನ್ ಮಾತು? ಹಂಗ ಹೇಳಿದ್ರ ನೀವು ಅಯ್ಯೋ ಪಾಪ ಅಂತ ಹೂಂ ಅಂತಿದ್ರಿ. ಅಯ್ಯೋ ಪಾಪ ಅಂತ ಯಾರೂ ರಾಶಿ ಖರೀದಿ ಮಾಡಂಗಿಲ್ಲ." ಕುಂಚವನ್ನು ಸ್ಟೀಲ್ ಲೋಟದಲ್ಲಿ ಕೂದಲು ಮೇಲಾಗಿ ನಿಲ್ಲಿಸಿದ. ಲೋಟಕ್ಕೆ ಮೊದಲು ಎಡಗೈ ಮುಟ್ಟಿಸಿ, ಆಮೇಲೆ ಬಲಗೈಯಿಂದ ಇಟ್ಟ. ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದನೋ, ನಾನು ನೋಡಿರಲಿಲ್ಲ. "ಬಿಡು. ಈಗರ ಬರಲಿ. ಬಣ್ಣ ಹಚ್ಚಿದ್ದರ ಮ್ಯಾಲೂ ಹಚ್ಚಾಕ ಬರತೈತಿ."

ಅಂದಿನಿಂದ ನಾನು ಕಂಪನಿಯ ಬೆನ್ನು ಬಿದ್ದೆ. ಎಲ್ಲವನ್ನೂ ಬಿಡಿಸಿ ಬರೆದೆ. ಸುರೇಖಾ ನನ್ನ ಇಂಗ್ಲಿಷ್ ತಿದ್ದಿಕೊಟ್ಟರು. ನಮ್ಮ ಗೆಳೆಯನ ಕಣ್ಣು ಹೋಗುತ್ತಿದೆ, ನಾಲ್ಕೇ ಗೊಂಬೆ ಸಾಕು, ಬಣ್ಣವಿಲ್ಲದವೇ ಇರಲಿ, ಒಡೆದವು ಇದ್ದರೂ ಆದೀತು, ಮೊದಲು ಕಳಿಸಿ. ಹನ್ನೆರಡು ದಿನದ ಮೇಲೆ ಉತ್ತರ ಬಂತು. ನಿಮ್ಮ ಉತ್ಸಾಹ ನಮಗೆ ಹುಮ್ಮಸ್ಸು ತಂದಿದೆ, ಎಲ್ಲ ಆಟಗಾರರನ್ನೂ ಸಮಾನವಾಗಿ ಕಾಣುವುದು ನಮ್ಮ ನೀತಿ, ಸಾದಾ ಪೆಟ್ಟಿಗೆ ಮುಗಿದಿದೆ. ಹೃದಯ ಈ ಸಲ ಎರಡಿದ್ದವು. ಇಂಟರ್ನೆಟ್ಟಿನಲ್ಲಿ ಅವರ ಪುಟದ ಮೇಲೆ ಎಲ್ಲರಿಗೂ ಕಾಣುವಂತೆ ಬೈದು ಬರೆದೆ, ಅಳಿಸಿದರು. ಮತ್ತೆ ಬರೆದೆ, ನಾನು ಅಲ್ಲಿ ಬರೆಯುವುದನ್ನೇ ಬಂದ್ ಮಾಡಿದರು. ಅಯಾಜ್ ದುಬೈನಲ್ಲಿದ್ದ ತನ್ನ ಚಿಕ್ಕಪ್ಪನ ಮಗ ಅಬ್ರಾರನ ಮೂಲಕ ಅಲ್ಲಿಯೂ ವಿಚಾರಿಸಿದ. ಸಿಕ್ಕಿದ ಒಂದೇ ಒಂದು ಸಾದಾ ಪೆಟ್ಟಿಗೆಯ ಗೊಂಬೆಗಳನ್ನು ಅದರ ಧಣಿ ಕೊಡಲೊಪ್ಪಲಿಲ್ಲ. ಅವನೂ ತನ್ನ ಕೈಯಾರೆ ಬಣ್ಣ ಹಚ್ಚಿದ್ದನಂತೆ.

ಯುಗಾದಿ ಹೋಯಿತು, ಕಾರಹುಣ್ಣಿಮೆ ಹೋಯಿತು. ಜುಲೈಗೆ ಬಣ್ಣದ ಎರಡನೇ ಮಾದರಿ ತಯಾರಾಗಿದೆ ಎಂದು ಫೋಟೋ ಕಳಿಸಿದರು. ಶಂಭು ಮೊಬೈಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿ, ತಿರುಗಿ ಕೊಟ್ಟ. ದೀಪಾವಳಿಗೆ ಯಾರ್ಡಿಗೆ ಹೋಗುವುದನ್ನು ಬಿಟ್ಟ. ಖರೀದಿದಾರರು ಅವನಿಗೆ ಒಂದು ಶಾಲು ಹೊದಿಸಿದರು. ಅದರ ಬಣ್ಣ ಯಾವುದೆಂದು ಅವನು ನನ್ನನ್ನು ಕೇಳಿದ. ಸಂಕ್ರಾಂತಿಯ ಹೊತ್ತಿಗೆ ಅವನಿಗೆ ಬೆಳಕು ಯಾವ ಕಡೆ ಇದೆ ಎನ್ನುವುದಷ್ಟೇ ತಿಳಿಯುತ್ತಿತ್ತು.

ಪೆಟ್ಟಿಗೆ 2025ರ ಮೇ ತಿಂಗಳಲ್ಲಿ ಬಂತು. ಮೂರು ವರ್ಷ ಮೂರು ತಿಂಗಳು. ಕೊರಿಯರ್‌ನವನು ಸಹಿ ಹಾಕಿಸಿಕೊಂಡು, "ಭಾರಿ ವಜ್ಜಿ ಐತ್ರೀ, ಏನೈತಿ ಇದರಾಗ?" ಎಂದ. "ಏನೂ ಇಲ್ಲ" ಎಂದೆ.

ಆ ರವಿವಾರ ರಾಣೆಬೆನ್ನೂರಿನ ಬದಲು ಶಂಭುವಿನ ಮನೆಯ ಪಡಸಾಲೆಯಲ್ಲಿ ಸೇರಿದೆವು. ಕಿಟಕಿಯ ಮೇಲೆ ಬಣ್ಣದ ಬಾಟಲಿಗಳು ಸಾಲಾಗಿದ್ದವು. ಗಟ್ಟಿಯಾಗದಿರಲೆಂದು ನಿರ್ಮಲಾ ವಾರಕ್ಕೊಮ್ಮೆ ಅವನ್ನು ಅಲುಗಾಡಿಸಿ ಇಡುತ್ತಾರೆಂದು ಶಂಭುವೇ ಹೇಳಿದ. ಸುರೇಖಾ ಕತ್ತರಿಯಿಂದ ಟೇಪು ಕತ್ತರಿಸಿದರು. ಅಯಾಜ್ ಮುಚ್ಚಳ ತೆಗೆದ. ನಾಲ್ಕು ಮುದಿ ಗೊಂಬೆಗಳು ಸ್ಪಂಜಿನ ಗೂಡುಗಳಲ್ಲಿ ಮಲಗಿದ್ದವು. ನಾನು ಕಾವಲುಗಾರನನ್ನು ಎತ್ತಿದೆ.

ಒಂದು ಕಣ್ಣು ಹುಬ್ಬಿನ ಮೇಲಿತ್ತು. ಇನ್ನೊಂದು ಕೆನ್ನೆಗೆ ಇಳಿದಿತ್ತು. ಗಡ್ಡದ ಬಿಳಿ ಕುತ್ತಿಗೆಗೆ ಸೋರಿತ್ತು. ರುಮಾಲು ನೀಲಿ. ಬಸ್ ಸ್ಟ್ಯಾಂಡಿನ ಸಂಡಾಸದ ಬಾಗಿಲಿಗೆ ಬಳಿಯುತ್ತಾರಲ್ಲ, ಆ ನೀಲಿ. ಈ ನೀಲಿಗಾಗಿ ಮೂರು ವರ್ಷ ನಮ್ಮನ್ನು ಕಾಯಿಸಿದ್ದರು. ಈ ನೀಲಿಗಾಗಿ ನಾನು "ತಡೀರಿ" ಎಂದಿದ್ದೆ. ಅಯಾಜ್ ಬಾಯಿ ತೆರೆದ. ನಾನು ಅವನ ಮೊಣಕಾಲನ್ನು ಒತ್ತಿ ಹಿಡಿದೆ. ಸುರೇಖಾ ನನ್ನ ಮುಖ ನೋಡಿ, ನೀರು ತರುತ್ತೇನೆ ಎಂದು ಎದ್ದು ಅಡುಗೆಮನೆಗೆ ಹೋದರು.

"ಕೊಡಿಲ್ಲೆ" ಎಂದು ಶಂಭು ಕೈ ಚಾಚಿದ.

ಕೊಟ್ಟೆ. ಅವನ ಬೆರಳುಗಳು ಗೊಂಬೆಯ ಮೇಲೆ ಮೆಲ್ಲಗೆ ಓಡಾಡಿದವು. "ಬೆನ್ನು ಬಾಗೇತಿ. ಗಡ್ಡ ಎದಿಮಟ ಬಂದೈತಿ. ಭರ್ಚಿ ಮಾತ್ರ ಇನ್ನೂ ಬಿಟ್ಟಿಲ್ಲ ನೋಡು ಮಗ!" ಎಂದು ನಕ್ಕ. ಬೆರಳು ತಲೆಯ ಮೇಲೆ ಬಂದು ನಿಂತಿತು. "ರುಮಾಲು ಯಾವ ಬಣ್ಣ ಹಚ್ಯಾರ?"

"ಕೆಂಪು" ಎಂದೆ.

"ಯಾವ ಕೆಂಪು? ಕಡ್ಡೀನೋ ಡಬ್ಬೀನೋ?"

"ಡಬ್ಬಿ. ಅಚ್ಚ ಡಬ್ಬಿ. ಮೊದಲಿನದಕ್ಕ ನೀ ಹಚ್ಚಿದ್ದಿಯಲ್ಲ, ಥೇಟ್ ಹಂಗ ಐತಿ."

ನಿರ್ಮಲಾ ಬಾಗಿಲಲ್ಲಿ ನಿಂತು ಗೊಂಬೆಯನ್ನೂ ನನ್ನನ್ನೂ ನೋಡುತ್ತಿದ್ದರು. ಶಂಭು ಸ್ವಲ್ಪ ಹೊತ್ತು ಗೊಂಬೆಯನ್ನು ತಿರುಗಿಸುತ್ತ ಕೂತ. ಅವನ ಮುಖ ನನ್ನ ಕಡೆ ಇರಲಿಲ್ಲ, ಕಿಟಕಿಯ ಬೆಳಕಿನ ಕಡೆಗಿತ್ತು.

"ರುದ್ರ್ಯಾ," ಎಂದ, "ಮೂರು ವರ್ಷ ತಡದಿಟ್ಟ ಡಬ್ಬಿಗೆ ಆ ಕೆಂಪು ಎಲ್ಲಿ ಉಳಿತೈತೋ? ಕೋಲ್ಡ್ ಸ್ಟೋರೇಜಿನಾಂವ ನೀನು. ನನಗಿಂತ ಛಲೋ ನಿನಗ ಗೊತ್ತಿರಬೇಕು."

ನನ್ನ ಕೈ ತಡಕಾಡಿ, ಗೊಂಬೆಯನ್ನು ಅಂಗೈಯಲ್ಲಿ ಇಟ್ಟ. ನನ್ನ ಬೆರಳುಗಳನ್ನು ಅವನೇ ಮಡಚಿದ.

"ಹೂಂ, ಹಚ್ಚು ಆಟ" ಎಂದ. "ನನ್ನ ಪಾಳಿ ಬಂದಾಗ ಹೇಳು."